ಹಿರೇಕೆರೂರಿನಲ್ಲಿ ಕೈ ಕಟ್ಟಿ ಕೂತ ಸಂಜೆ

ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು. ನಾಲ್ಕು ಶನಿವಾರ, ನಾಲ್ಕು ಊರು. ನನ್ನ ತಂಗಿ ಇದಕ್ಕೆ ‘ವರ್ಲ್ಡ್ ಟೂರ್’ ಎಂದು ಹೆಸರಿಟ್ಟಳು. ಎಪ್ಪತ್ತು ದಾಟಿದ ಅಕ್ಕ ರಾಕ್ ಬ್ಯಾಂಡಿನಲ್ಲಿ ಕೀಬೋರ್ಡ್ ನುಡಿಸಲು ಹೊರಟರೆ ಇನ್ನೇನು ಹೇಳಿಯಾಳು?

“ಈ ವಯಸ್ಸಿನ್ಯಾಗ ಮಂದಿ ಕಾಶಿಗೆ ಹೋಗ್ತಾರ,” ಅಂದಳು.

“ನಾ ಹಿರೇಕೆರೂರಿಗೆ ಹೊಂಟೇನಿ,” ಅಂದೆ.

ನಾನು ನುಡಿಸಲು ಕಲಿತದ್ದು ಹುಬ್ಬಳ್ಳಿಯ ಕಾನ್ವೆಂಟಿನ ಚ್ಯಾಪೆಲ್ಲಿನಲ್ಲಿ, ಕಾಲಿನಿಂದ ತುಳಿದು ಗಾಳಿ ತುಂಬುವ ಹಳೆಯ ಆರ್ಗನ್ ಮೇಲೆ. ಕಲಿಸಿದ ಸಿಸ್ಟರ್ ನನ್ನ ಎರಡೂ ಮುಂಗೈಗಳ ಮೇಲೆ ಒಂದೊಂದು ಸೀಮೆಸುಣ್ಣದ ತುಂಡು ಇಡುತ್ತಿದ್ದರು. ತುಂಡು ಬಿತ್ತೋ, ಮೊದಲಿನಿಂದ ಶುರು. “ಪೋಸ್ಚರ್, ಚೈಲ್ಡ್, ಪೋಸ್ಚರ್!” ಆ ದನಿ ಈಗಲೂ ಒಮ್ಮೊಮ್ಮೆ ನನ್ನ ಬೆನ್ನನ್ನು ನೆಟ್ಟಗೆ ಮಾಡುತ್ತದೆ. ಸವಣೂರಿನಲ್ಲಿ ಅರಿವೆ ಅಂಗಡಿ ಇಟ್ಟಿದ್ದ ಅಪ್ಪ, “ನಮ್ಮ ಹುಡುಗಿ ಇಂಗ್ಲಿಷಿನ್ಯಾಗ ಭಜನಿ ಬಾರಸ್ತಾಳ” ಎಂದು ಗಿರಾಕಿಗಳ ಮುಂದೆ ಹೆಮ್ಮೆಪಡುತ್ತಿದ್ದ. ನಾನು ಹುಬ್ಬಳ್ಳಿಯ ರಾಕ್ ಬ್ಯಾಂಡ್ ಸೇರಿದಾಗ ಅದೇ ಅಪ್ಪ ಎರಡು ವರ್ಷ ನನ್ನೊಡನೆ ಮಾತು ಬಿಟ್ಟ. ನಾನು ಬ್ಯಾಂಡ್ ಬಿಡಲಿಲ್ಲ. ಅವ್ವ ಹೊಲಿದ ಕೌದಿಯಲ್ಲಿ ಕೀಬೋರ್ಡ್ ಸುತ್ತಿ, ಯಲವಿಗಿ ಸ್ಟೇಷನ್ನಿನಲ್ಲಿ ಗಾಡಿ ಹತ್ತುತ್ತಿದ್ದೆ. ಹಮಾಲ ಒಮ್ಮೆ ಆ ಉದ್ದನೆಯ ಗಂಟನ್ನು ಹೆಗಲಿಗೇರಿಸುತ್ತ ಮೆಲ್ಲಗೆ ಕೇಳಿದ್ದ: “ಒಳಗ ಯಾರದಾರ್ರಿ, ಅಕ್ಕಾರ?”

ಮೂವತ್ತು ವರ್ಷ ಹೀಗೆ ತಿರುಗಿದೆ. ಬ್ಯಾಂಡುಗಳು ಹುಟ್ಟಿದವು, ಜಗಳವಾಡಿ ಒಡೆದವು. ನಡುವೆ ಸ್ಟುಡಿಯೋ ಕೆಲಸ, ಬೇರೆಯವರ ಹಾಡಿಗೆ ಹಿನ್ನೆಲೆ. ಗಾಯಕರು ಸ್ನಾನ ಮುಗಿಸಿ ಬರುವ ಹೊತ್ತಿಗೆ ನನ್ನ ಪಾಲಿನ ಕೆಲಸ ಮುಗಿಸಿ ಚಹಾ ಕುಡಿಯುತ್ತಿರುತ್ತಿದ್ದೆ. ಕ್ಯಾಸೆಟ್ಟಿನ ಕವರಿನ ಮೇಲೆ ಎಲ್ಲರ ಹೆಸರಾದ ಮೇಲೆ ಕೊನೆಗೆ ‘ಮತ್ತು ಇತರರು’ ಎಂದಿರುತ್ತಿತ್ತು. ಆ ಇತರರಲ್ಲಿ ನಾನಿದ್ದೇನೆ. ಈಗಲೂ ಯಾವುದೋ ಖಾನಾವಳಿಯ ರೇಡಿಯೋದಲ್ಲಿ ಹಳೆಯ ಹಾಡು ಬಂದರೆ ನನ್ನ ಬೆರಳನ್ನು ನಾನು ಗುರುತಿಸಬಲ್ಲೆ. ಡ್ರಮ್ ನಿಂತ ಮೇಲೆ ನಾನು ಒಂದು ಕೂದಲೆಳೆಯಷ್ಟು ತಡವಾಗಿ ಬರುತ್ತೇನೆ. ಆರ್ಗನ್ನಿಗೆ ಗಾಳಿ ತುಂಬುವ ತನಕ ಕಾದು ಕಲಿತ ಕೈ ಅದು.

ಈಗಿನ ಬ್ಯಾಂಡಿನ ಮುಖಂಡ ಗಿಟಾರ್ ನುಡಿಸುತ್ತಾನೆ, ಶಿಗ್ಗಾವಿಯ ಒಂದು ಶಾಲೆಯಲ್ಲಿ ಸೈನ್ಸ್ ಮಾಸ್ತರ. ಅಜ್ಜಿಯ ಲೆಕ್ಕದಲ್ಲಿ ನನ್ನನ್ನು ‘ಆಯಿ’ ಎನ್ನುತ್ತಾನೆ. ಮನೆಗೆ ಬಂದು, ಚಾಪೆಯ ಮೇಲೆ ಕೂತು, ಅವನೇ ನನ್ನನ್ನು ಬ್ಯಾಂಡಿಗೆ ಕರೆದಿದ್ದ. ಆದರೆ ಹಾನಗಲ್ಲಿನಲ್ಲಿ ಒಂದು ಜೋರು ಹಾಡಿನ ನಡುವೆ ನನ್ನ ಊದಿದ ಹೆಬ್ಬೆರಳು ಹಟ ಹಿಡಿಯಿತು. ಮೂರು ಸ್ವರ ಬಿದ್ದುಹೋದವು. ಜನಕ್ಕೆ ತಿಳಿಯಲಿಲ್ಲ, ಮಾಸ್ತರನಿಗೆ ತಿಳಿಯಿತು.

ಮುಂದಿನ ಶನಿವಾರ ಶಿಗ್ಗಾವಿಗೆ ಅವನು ಲ್ಯಾಪ್‌ಟಾಪ್ ತಂದ.

“ನಿಮ್ಮ ಪಾರ್ಟ್ ಎಲ್ಲಾ ಇದರಾಗ ಹಾಕೇನ್ರಿ, ಆಯಿ. ನಿಮ್ಮ ಕೀಬೋರ್ಡಿನ ಸೌಂಡ್ ಬಂದ್ ಇರ್ತೈತಿ. ಸುಮ್ನ ಕೈ ಆಡಿಸ್ಕೋತ ಕುಂತ್ರ ಸಾಕು. ಮಂದಿ ನಿಮ್ಮನ್ನ ನೋಡಾಕ ಬರ್ತಾರ.”

ಒಪ್ಪಿಕೊಂಡೆ. ಕನ್ಫೆಷನ್ ಎಂದೇ ತಿಳಿಯಿರಿ. ಶಬ್ದವಿಲ್ಲದ ಕೀಲಿಗಳ ಮೇಲೆ ಇಡೀ ಸಂಜೆ ಬೆರಳು ಕುಣಿಸಿದೆ. ಎಂದೂ ಬೀಳದಷ್ಟು ಚಪ್ಪಾಳೆ ಬಿತ್ತು, ಸೆಲ್ಫಿಗೆ ಸಾಲು ನಿಂತರು. ಕಾರ್ಯಕ್ರಮ ಕೇಳಲು ಬಂದಿದ್ದ ತಂಗಿ ವಾಪಸು ನನ್ನ ಜೊತೆಗೇ ಕಾರಿನಲ್ಲಿದ್ದಳು. ಸವಣೂರಿನ ದೀಪಗಳು ಕಂಡಾಗ ಬಾಯಿ ಬಿಟ್ಟಳು.

“ಇವತ್ತ ಬಾರಿಸಿದಾಕಿ ನೀ ಅಲ್ಲ.”

“ಹೆಂಗ ಗೊತ್ತಾತು?”

“ಡ್ರಮ್ ನಿಂತ ಮ್ಯಾಲೆ ಸರಿಯಾದ ಟೈಮಿಗೆ ಬಂತು. ನೀ ಯಾವತ್ತ ಬಂದೀ ಸರಿಯಾದ ಟೈಮಿಗೆ?”

ಮರುದಿನವೇ ಮಾಸ್ತರನಿಗೆ ಫೋನ್ ಮಾಡಿದೆ. ಸವಣೂರು ನನ್ನೂರು, ಅಲ್ಲಿ ಲ್ಯಾಪ್‌ಟಾಪ್ ಬೇಡ, ನಾನೇ ನುಡಿಸುತ್ತೇನೆ ಎಂದೆ.

“ತಪ್ಪಾದ್ರ, ಆಯಿ?”

“ತಪ್ಪಾದ್ರ ಹಿರೇಕೆರೂರಿನ್ಯಾಗ ನಿಮ್ಮ ಲ್ಯಾಪ್‌ಟಾಪ್ ಬಾರಿಸ್ಲಿ. ಮುಂದೂ ಅದ ಬಾರಿಸ್ಲಿ.”

ಪಣಕ್ಕಿಟ್ಟವಳು ನಾನೇ. ಸೋತರೆ ನನಗೆ ಮತ್ತೆ ಸ್ಟೇಜಿಲ್ಲ.

ಕೀಬೋರ್ಡಿನಲ್ಲಿ ಟ್ರಾನ್ಸ್‌ಪೋಸ್ ಎಂಬ ಗುಂಡಿಯಿದೆ. ಒತ್ತಿದರೆ ಇಡೀ ವಾದ್ಯದ ಶ್ರುತಿಯೇ ಏರುತ್ತದೆ, ಇಲ್ಲವೇ ಇಳಿಯುತ್ತದೆ. ಕಷ್ಟದ ಕಪ್ಪು ಕೀಲಿಗಳ ಗೊಡವೆಯಿಲ್ಲದೆ ಸಲೀಸಾದ ಬಿಳಿ ಕೀಲಿಗಳ ಮೇಲೆ ನುಡಿಸಿಬಿಡಬಹುದು. ಜೀವಮಾನವಿಡೀ ಆ ಗುಂಡಿ ಒತ್ತುವವರನ್ನು ‘ಲೇಜಿ ಫೆಲೋಸ್’ ಎಂದು ಬೈದವಳು ನಾನು. ಹೆಬ್ಬೆರಳಿನ ದೆಸೆಯಿಂದ ಸವಣೂರಿನಲ್ಲಿ ಒಂದೇ ಒಂದು ಹಾಡಿಗೆ ಒತ್ತಿದೆ. ಹಾಡು ಚೆನ್ನಾಗಿಯೇ ಹೋಯಿತು. ಆ ಖುಷಿಯಲ್ಲಿ ಗುಂಡಿಯನ್ನು ಸೊನ್ನೆಗೆ ತರುವುದು ಮರೆತೆ. ಮುಂದಿನ ಹಾಡಿನಲ್ಲಿ ಗಿಟಾರ್ ಒಂದು ಶ್ರುತಿ, ನಾನೊಂದು ಶ್ರುತಿ. ಎರಡು ಎತ್ತು ಎರಡು ಊರಿಗೆ ಎಳೆದ ಹಾಗೆ.

ಕೈ ಮೇಲೆತ್ತಿ ಇಡೀ ಬ್ಯಾಂಡನ್ನು ನಿಲ್ಲಿಸಿದೆ. ಮೈಕು ಎಳೆದುಕೊಂಡು, “ತಪ್ಪು ನಂದು. ಮತ್ತ ಸುರು ಮಾಡೂಣು,” ಅಂದೆ.

ಹಿಂದಿನಿಂದ ಯಾರೋ ಕೂಗಿದರು: “ಬಾರಸ್ರಿ ಅಕ್ಕಾರ, ನಮಗೇನು ಬಸ್ ತಪ್ಪೂದಿಲ್ಲ!”

ಗುಂಡಿ ಸೊನ್ನೆಗೆ ತಂದ ಮೇಲೆ, ಎರಡನೇ ಸಲ ಹಾಡು ಗರಿಗೆದರಿ ಹಾರಿತು. ಆದರೆ ಮಾತು ಮಾತೇ. ವೈರು ಸುತ್ತುತ್ತ ಮಾಸ್ತರ ನನ್ನ ಮುಖ ನೋಡದೆ ಹೇಳಿದ, “ತಪ್ಪಾತ್ರಿ, ಆಯಿ.”

“ಆತು,” ಅಂದೆ.

ಹಿರೇಕೆರೂರಿನಲ್ಲಿ ಬಿಸಿಲು ಇಳಿಯುವ ಹೊತ್ತಿಗೆ ಕಾರ್ಯಕ್ರಮ. ಇಳಕಲ್ ಸೀರೆ ಉಟ್ಟು, ಪೋಸ್ಚರ್ ಸಮೇತ ಕೀಬೋರ್ಡಿನ ಮುಂದೆ ಕೂತೆ. ಲ್ಯಾಪ್‌ಟಾಪ್ ನನ್ನ ಪಾಲಿನದನ್ನು ಶುರುಮಾಡಿತು. ನಾನು ಎದೆಯ ಮೇಲೆ ಕೈ ಕಟ್ಟಿಕೊಂಡೆ. ಎಲ್ಲರಿಗೂ ಕಾಣುವ ಹಾಗೆ.

ಮುಂದಿನ ಸಾಲಿನ ಹೆಣ್ಣುಮಕ್ಕಳಲ್ಲಿ ಗುಸುಗುಸು ಎದ್ದಿತು.

“ಏ, ಪೆಟ್ಟಿಗಿ ತನ್ನಷ್ಟಕ್ಕ ತಾನ ಬಾರಿಸಾಕತ್ತೈತಿ ನೋಡಬೇ!”

“ದೆವ್ವ ಹೊಕ್ಕೈತೇನ?”

“ದೆವ್ವ ಹೊಕ್ಕಿದ್ರ ಮುದುಕಿ ಹಿಂಗ ತಣ್ಣಗ ಕುಂದರ್ತಿದ್ಲೇನ?”

ಮಾಸ್ತರ ಗಿಟಾರ್ ನುಡಿಸುತ್ತಲೇ ನನ್ನ ಬಳಿ ಸರಿದ. “ಕೈ ಆಡಸ್ರಿ ಆಯಿ, ನಿಮ್ಮ ಕಾಲಿಗೆ ಬೀಳ್ತೇನಿ.”

“ಬಾರಿಸೂದು ಅದರ ಕೆಲಸ ಅಂತ ಮಾತಾಗೇತಿ. ಕೈ ಆಡಿಸೂ ಮಾತು ಆಗಿಲ್ಲ. ಸೈನ್ಸ್ ಮಾಸ್ತರ ಅದೀರಿ, ಮಂದಿಗೆ ನೀವ ತಿಳಿಸಿ ಹೇಳ್ರಿ.”

ಹಿಂದೆ ಡ್ರಮ್ಮಿನವನಿಗೆ ನಗು ತಡೆಯಲಾಗಲಿಲ್ಲ. ಒಂದು ಪೆಟ್ಟು ತಪ್ಪಿತು, ಮತ್ತೊಂದು ತಪ್ಪಿತು. ಲ್ಯಾಪ್‌ಟಾಪ್ ಯಾರಿಗಾಗಿಯೂ ಕಾಯಲಿಲ್ಲ. ತನ್ನ ಪಾಡಿಗೆ ಮುಂದೆ ಹೋಯಿತು. ಬ್ಯಾಂಡು ಅದರ ಹಿಂದೆ, ತಪ್ಪಿದ ಬಸ್ಸಿನ ಹಿಂದೆ ಓಡುವವರ ಹಾಗೆ ಓಡಿತು. ಕೊನೆಗೆ ಮಾಸ್ತರ ಕೈ ಚಾಚಿ ಅದರ ಮುಚ್ಚಳವನ್ನು ಪಟ್ಟನೆ ಮುಚ್ಚಿದ.

ಮುಂದಿನ ಸಾಲಿನವರು ಕತ್ತು ಚಾಚಿ ನೋಡಿದರು.

“ನಾ ತಪ್ಪಿದಾಗ ನಾ ನಿಂತೆ, ಮಾಸ್ತರ,” ಅಂದೆ. “ಅದು ನಿಂತಿತೇನು?”

ಅವನು ಗಿಟಾರನ್ನು ಬೆನ್ನಿಗೆ ಸರಿಸಿದ. ಆಮೇಲೆ ಬಗ್ಗಿ, ನನ್ನ ಕೀಬೋರ್ಡಿನ ವೈರನ್ನು ತಾನೇ ಸ್ಪೀಕರಿಗೆ ಸಿಕ್ಕಿಸಿದ. “ಬಾರಸ್ರಿ,” ಅಂದ. “ತಪ್ಪಿದ್ರ ನಿಂದರೂಣು.”

ಗುಂಡಿ ನೋಡಿದೆ. ಸೊನ್ನೆಯಲ್ಲೇ ಇತ್ತು. ಡ್ರಮ್ ಎದ್ದಿತು, ಗುಡುಗಿತು, ನಿಂತಿತು. ನನ್ನ ಬಲಗಾಲು ತಾನಾಗಿ ನೆಲವನ್ನು ಒತ್ತಿತು, ಇಲ್ಲದ ಗಾಳಿ ತುಂಬಲು. ಎಷ್ಟು ತಡವಾಗಿ ಬರಬೇಕೋ ಅಷ್ಟು ತಡವಾಗಿಯೇ ಬಂದೆ.

ಮೂರನೇ ಸಾಲಿನಲ್ಲಿ ತಂಗಿ ನನಗೆ ಕಾಣುವ ಹಾಗೆ ಎಡಗೈ ಎತ್ತಿ ತನ್ನ ವಾಚು ನೋಡಿಕೊಂಡಳು.