ಬಾಯಿ ತೆರೆದು ಮಲಗುವ ಹುಡುಗಿ

ಭಾಲ್ಕಿ ಕಡೆಯ ಒಂದು ಹಳ್ಳಿಯ ಶಾಲೆಯಲ್ಲಿ ನಾನು ಟೀಚರ್. ನನ್ನ ಮಗಳು ಕೂರುತ್ತಿದ್ದುದೂ ನನ್ನ ಮೂರನೇ ತರಗತಿಯಲ್ಲೇ. ಸ್ವಂತ ಮಗಳೆಂದು ಮುದ್ದು ಮಾಡುತ್ತಾಳೆ ಅಂತ ಊರವರು ಆಡಿಕೊಳ್ಳಬಾರದಲ್ಲ, ಉಳಿದವರಿಗೆ ಒಂದು ಏಟಾದರೆ ಅವಳಿಗೆ ಎರಡು. ಶಾಲೆಯಲ್ಲಿ ನನ್ನನ್ನು ಅವ್ವ ಅನ್ನಕೂಡದೆಂದೂ ತಾಕೀತು ಮಾಡಿದ್ದೆ. ಇದೇ ನ್ಯಾಯವೆಂದು ಬೀಗುತ್ತಿದ್ದೆ.

ಅವಳ ತಪ್ಪು ಒಂದೇ, ನಿದ್ದೆ. ಮಗ್ಗಿ ಹೇಳುತ್ತಿರುವಾಗಲೇ ಬಾಯಿ ತೆರೆದು ತೂಕಡಿಸುವಳು. "ಏಳ, ಮೈಗಳ್ಳಿ. ಕೈ ಚಾಚ" ಎನ್ನುತ್ತಿದ್ದೆ. ಕಣ್ಣು ಬಿಡುವ ಮೊದಲೇ ಅಂಗೈ ಮುಂದೆ ಬರುತ್ತಿತ್ತು. "ತಪ್ಪಾಯ್ತ್ರಿ ಟೀಚರ್." ಮಕ್ಕಳು ನಗುವರು. ಒಮ್ಮೊಮ್ಮೆ ನಾನೂ ನಕ್ಕಿದ್ದೇನೆ. ಥೂ, ನನ್ನ ಜನ್ಮಕ್ಕಿಷ್ಟು.

ಮನೆಯಲ್ಲಿ ಅತ್ತೆಯದು ಬೇರೆ ಚಿಂತೆ. "ಬಾಯಿ ತಕ್ಕೊಂಡು ಮಲಗ್ತಾಳ, ಹಲ್ಲು ಮುಂದ ಬಂದಾವ. ನಾಳಿ ಇಕಿನ್ನ ಯಾರು ಮಾಡ್ಕೋತಾರ?" ಎಂದು ಹಳೇ ಧೋತರದ ಪಟ್ಟಿ ಹರಿದು ಕೊಟ್ಟರು. ರಾತ್ರಿ ಬಾಯಿ ಮುಚ್ಚಿರಲೆಂದು ಅದನ್ನು ದಿನವೂ ಮಗಳ ಗದ್ದದಿಂದ ನೆತ್ತಿಗೆ ಬಿಗಿದು ಕಟ್ಟುತ್ತಿದ್ದವಳು ನಾನು. ಔರಾದಿನ ತವರಿನಲ್ಲಿ ಹೆಣಕ್ಕೆ ಹಾಗೆ ಕಟ್ಟುವುದನ್ನು ನೋಡಿದ್ದೆ, ಆದರೂ ಕಟ್ಟಿದೆ. ಬೆಳಗಾಗುವುದರೊಳಗೆ ಅವಳು ಪಟ್ಟಿ ಕಿತ್ತೆಸೆದಿರುತ್ತಿದ್ದಳು. ಅದಕ್ಕೂ ಬೈಸಿಕೊಳ್ಳುತ್ತಿದ್ದಳು.

ಹಲ್ಲು ಸರಿಮಾಡಿಸಲೆಂದೇ ಬೀದರಿಗೆ ಕರೆದೊಯ್ದೆ. ಹಲ್ಲಿನ ಡಾಕ್ಟರು ವಯಸ್ಸಾದ ಹೆಂಗಸು. ಹಲ್ಲಿಗಿಂತ ಹೆಚ್ಚು ಹೊತ್ತು ಅಂಗುಳವನ್ನೇ ನೋಡಿದರು.

"ಗೊರಕಿ ಹೊಡಿತಾಳೇನ್ರಿ? ಹಗಲೆಲ್ಲಾ ತೂಕಡಿಸ್ತಾಳ?"

"ಹೂಂ ರಿ. ಭಾಳ ಮೈಗಳ್ಳಿ ಅದಾಳ."

"ಮೈಗಳ್ಳಿ ಅಲ್ರಿ. ಅಂಗುಳ ಇಕ್ಕಟ್ಟದ, ಮೂಗಿನ್ಯಾಗ ಉಸಿರು ಸಾಲಂಗಿಲ್ಲ. ರಾತ್ರಿ ಪೂರಾ ಉಸಿರಿಗಿ ಒದ್ದಾಡ್ತಾಳ. ಆಕಿಗಿ ಬಾಯಿ ಒಂದೇ ದಾರಿ."

ಆ ದಾರಿಗೇ ನಾನು ಪಟ್ಟಿ ಕಟ್ಟಿದ್ದೆ. ಮಗಳು ನನ್ನ ಮುಖ ನೋಡಿದಳು.

ಮೂಗು-ಗಂಟಲಿನ ಡಾಕ್ಟರಿಗೂ ತೋರಿಸಿದ ಮೇಲೆ, ಅಂಗುಳ ಅಗಲವಾಗಲೆಂದು ಬಾಯೊಳಗೆ ಒಂದು ತಂತಿಯ ಸಾಧನ ಕೂರಿಸಿದರು. ದಿನಕ್ಕೊಮ್ಮೆ ಪುಟ್ಟ ಕೀಲಿಯಿಂದ ಅದರ ತಿರುಪು ತಿರುಗಿಸಬೇಕು. "ತಾಯಿನೇ ಮಾಡ್ರಿ, ಕೂಸು ಅಂಜಂಗಿಲ್ಲ" ಎಂದರು ಹಲ್ಲಿನ ಡಾಕ್ಟರು.

ಮರುದಿನ ಭಾನುವಾರ. ಮಧ್ಯಾಹ್ನ ಅವಳು ಗೋಡೆಗೆ ಒರಗಿ ತೂಕಡಿಸುತ್ತಿದ್ದಳು. ಕೀಲಿ ಹಿಡಿದು ಪಕ್ಕದಲ್ಲಿ ಕೂತೆ. ಎಂದೂ ಇಲ್ಲದಷ್ಟು ಮೆತ್ತಗೆ, "ಏಳವ್ವ, ಬಾಯಿ ತೆಗಿ" ಎಂದೆ.

ಅವಳು ಕಣ್ಣು ತೆರೆಯಲಿಲ್ಲ. ಅಂಗೈ ಮುಂದೆ ಚಾಚಿದಳು.

"ತಪ್ಪಾಯ್ತ್ರಿ ಟೀಚರ್."