ಪೂರ್ಣ ಹಾಜರಾತಿಯ ಹುಡುಗಿ

ನಮ್ಮ ಹೈಸ್ಕೂಲಿನ ಇತಿಹಾಸದಲ್ಲೇ ನನ್ನಷ್ಟು ಶಿಸ್ತಿನ ವಿದ್ಯಾರ್ಥಿನಿ ಇನ್ನೊಬ್ಬಳಿರಲಿಲ್ಲ. ಎಂಟು, ಒಂಬತ್ತು, ಎರಡೂ ತರಗತಿಗಳಲ್ಲಿ ಒಂದೇ ಒಂದು ದಿನ ಗೈರುಹಾಜರಿ ಇಲ್ಲ. ಜ್ವರದಲ್ಲಿ ನರಳುತ್ತಿದ್ದ ದಿನವೂ ಹಾಜರು, ಅಜ್ಜಿ ತೀರಿಕೊಂಡ ದಿನವೂ ಹಾಜರು. ಇಷ್ಟೆಲ್ಲ ಸಾಧಿಸಿದ ನನಗೆ ಆ ಶಾಲೆಯಲ್ಲಿ ಎಷ್ಟು ಕೋಣೆಗಳಿವೆ ಎನ್ನುವುದು ಮಾತ್ರ ಗೊತ್ತಿರಲಿಲ್ಲ. ನಾನು ಒಮ್ಮೆಯೂ ಅದರೊಳಗೆ ಹೋಗಿರಲಿಲ್ಲ.

ಹುಟ್ಟಿನಿಂದಲೇ ನನ್ನ ಕಾಲುಗಳಿಗೆ ಬಲವಿಲ್ಲ. ಏಳನೇ ತರಗತಿಯವರೆಗೆ ಅವ್ವ ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಊರ ಶಾಲೆಗೆ ಬಿಟ್ಟುಬರುತ್ತಿದ್ದಳು. ಹೈಸ್ಕೂಲು ಇದ್ದದ್ದು ಬಡವನಹಳ್ಳಿ ದಾರಿಯ ಪಕ್ಕದೂರಿನಲ್ಲಿ. ಅಷ್ಟರಲ್ಲಿ ನಾನು ಬೆಳೆದಿದ್ದೆ, ಅವ್ವನ ಸೊಂಟ ಸೋತಿತ್ತು. ಅಂಗವಿಕಲ ಮಗುವನ್ನು ಯಾವ ಶಾಲೆಯೂ ಬೇಡ ಅನ್ನುವಂತಿಲ್ಲ ಎಂದು ಕಾಯ್ದೆ ಹೇಳುತ್ತದೆ. ನಮ್ಮ ಹೆಡ್ ಮಾಸ್ತರು ಬೇಡ ಅನ್ನಲಿಲ್ಲ. ಖುದ್ದಾಗಿ ಮನೆಗೇ ಬಂದು ಹೆಸರು ಬರೆದುಕೊಂಡರು. ಪಾವಗಡದ ಕಡೆಯವರು, ಮಾತಿಗೆ ಮುಂಚೆ ಒಂದಿಷ್ಟು ತೆಲುಗು.

"ಏಮ್ಮಾ ತಲ್ಲಿ, ನೀನ್ಯಾಕೆ ಕಷ್ಟ ಬೀಳ್ತೀಯಾ? ಮನೇಲೇ ಆರಾಮಾಗಿರು. ನಿನ್ ಹಾಜರಿ ನಾನು ನೋಡ್ಕಂತೀನಿ" ಎಂದರು.

ಕೊಟ್ಟ ಮಾತು ಉಳಿಸಿಕೊಂಡರು, ಪುಣ್ಯಾತ್ಮ. ಹಾಸಿಗೆ ಬಿಟ್ಟು ಏಳಲಾಗದ ಮಕ್ಕಳಿಗೆಂದು ಸರ್ಕಾರ ಮಾಡಿದ ಮನೆಪಾಠದ ಪಟ್ಟಿಗೆ ನನ್ನ ಹೆಸರು ಸೇರಿತು. ನಾಲ್ಕು ಮೆಟ್ಟಿಲು ಹತ್ತಲಾರದ್ದಕ್ಕೆ ನಾನು ಹಾಸಿಗೆ ಹಿಡಿದವಳಾದೆ.

ಪ್ರತಿ ಗುರುವಾರ ಮಧುಗಿರಿಯಿಂದ ಒಬ್ಬ ಮಿಸ್ ಸ್ಕೂಟಿಯಲ್ಲಿ ಬರುತ್ತಿದ್ದರು. ಕೈಯಲ್ಲೊಂದು ಚೀಲ. ಅದರಲ್ಲಿ ಮಣಿ, ದಾರ, ಬಣ್ಣದ ಚೆಂಡು, ಪ್ರಾಣಿಗಳ ಚಿತ್ರ. ಕಣ್ಣು ಕಾಣದವರಿಗೂ ಅದೇ ಚೀಲ, ಕಿವಿ ಕೇಳದವರಿಗೂ ಅದೇ ಚೀಲ, ತಲೆ ನೆಟ್ಟಗಿದ್ದು ಕಾಲಷ್ಟೇ ಸೊಟ್ಟಗಿದ್ದ ನನಗೂ ಅದೇ. ನನ್ನ ವಯಸ್ಸಿನವರು ಬೀಜಗಣಿತ ಮಾಡುತ್ತಿದ್ದಾಗ ನಾನು ಮಣಿ ಪೋಣಿಸುತ್ತಿದ್ದೆ. ನಮ್ಮ ಮನೆಯ ಮೇಕೆಗಳಿಗೆಲ್ಲ ಕೊರಳಿಗೊಂದು ಸರ ಆಯಿತು. "ಮಿಸ್, ಇದು ಆನೆ" ಎನ್ನುತ್ತಿದ್ದೆ. "ವೆರಿ ಗುಡ್" ಎನ್ನುತ್ತಿದ್ದರು. ಆಮೇಲೆ ಇಬ್ಬರೂ ಸ್ವಲ್ಪ ಹೊತ್ತು ಬೇರೆ ಬೇರೆ ಕಡೆ ನೋಡುತ್ತಿದ್ದೆವು.

ವರ್ಷಕ್ಕೊಮ್ಮೆ ಮಧುಗಿರಿಯಲ್ಲಿ ತಪಾಸಣಾ ಶಿಬಿರ. ಹೋದ ವರ್ಷ ಇಲ್ಲದ ಬಲ ಈ ವರ್ಷ ಬಂದುಬಿಟ್ಟಿದೆಯೋ ಏನೋ ಎಂದು ಸರ್ಕಾರಕ್ಕೆ ತೀರದ ಕುತೂಹಲ. ಡಾಕ್ಟರು ತಲೆಯೆತ್ತದೆ "ನಡೆದು ತೋರಿಸು" ಅನ್ನುವುದು, ಅವ್ವ "ನಡ್ಯಂಗಿದ್ರೆ ಇಲ್ಲಿಗ್ಯಾಕ್ ಬರ್ತಿದ್ವಿ ಸಾ" ಅನ್ನುವುದು, ಪ್ರತಿ ವರ್ಷ ಇದೇ. ಹತ್ತನೇ ತರಗತಿಗೆ ಬರುವ ಮುಂಚಿನ ಶಿಬಿರದಲ್ಲಿ ಮಾತ್ರ ನನಗೊಂದು ಗಾಲಿಕುರ್ಚಿ ಸಿಕ್ಕಿತು.

ಮುಂದಿನ ಗುರುವಾರವೇ ಮಿಸ್ ಹತ್ತಿರ ಹೇಳಿಬಿಟ್ಟೆ. "ಮಿಸ್, ನಾನು ಎಸ್ಸೆಸ್ಸೆಲ್ಸಿ ಪಾಸಾಗ್ಬೇಕು. ಪರೀಕ್ಷೇಲಿ ಮಣಿ ಪೋಣ್ಸು ಅಂತ ಕೇಳಲ್ಲ. ಕ್ಲಾಸಲ್ಲಿ ಕೂತ್ಕಂಡು ಪಾಠ ಕೇಳ್ಬೇಕು." ಅವರು ಚೀಲ ಮುಚ್ಚಿ ಎದ್ದುಹೋದರು. ಸಿಟ್ಟು ಬಂತೇನೋ ಅಂದುಕೊಂಡೆ. ಮರುವಾರ ಕಾಯ್ದೆಯ ಜೆರಾಕ್ಸ್ ತಂದು ಮಡಿಲಿಗೆ ಹಾಕಿದರು. "ನೀನು ಬರ್ತೀನಿ ಅಂದ್ರೆ ಬ್ಯಾಡ ಅನ್ನಕ್ಕೆ ಯಾರಿಗೂ ಹಕ್ಕಿಲ್ಲ. ನಾನು ಕೊಟ್ಟೆ ಅಂತ ಮಾತ್ರ ಹೇಳ್ಬ್ಯಾಡ ಕಣಮ್ಮ."

ಅವ್ವನಿಗೆ ಓದು ಬಾರದು. ಜೆರಾಕ್ಸಿಗೆ ಅರಿಶಿನ ಕುಂಕುಮ ಹಚ್ಚಿ ದೇವರ ಫೋಟೋ ಹಿಂದೆ ಇಟ್ಟಳು. ಆ ಕಾಯ್ದೆಗೆ ನಮ್ಮ ತಾಲ್ಲೂಕಿನಲ್ಲಿ ಅಷ್ಟು ಮರ್ಯಾದೆ ಕೊಟ್ಟವರು ಇನ್ನೊಬ್ಬರಿರಲಿಕ್ಕಿಲ್ಲ.

ಜೂನ್ ತಿಂಗಳ ಒಂದು ಸೋಮವಾರ ಗಾಲಿಕುರ್ಚಿಯನ್ನು ಆಟೋಗೆ ಕಟ್ಟಿಕೊಂಡು ಹೊರಟೆವು. ಶಾಲೆಗೆ ರಾಂಪು ಇತ್ತು. ಜಗಲಿಯವರೆಗೂ ಮುಟ್ಟುವ, ಪಕ್ಕಕ್ಕೆ ಕಂಬಿಯಿದ್ದ, ಕುರ್ಚಿಯ ಚಿತ್ರ ಬರೆದ ಚೆಂದದ ಇಳಿಜಾರು. ಅದರ ನೆತ್ತಿಯಲ್ಲಿ ಹೆಡ್ ಮಾಸ್ತರ ಸ್ಕೂಟರು ನಿಂತಿತ್ತು. ಜಗಲಿಯ ನೆರಳಿರುವುದರಿಂದ ರಾಂಪು ಕಟ್ಟಿದ ದಿನದಿಂದಲೂ ಅದರ ಜಾಗ ಅದೇ. ಹ್ಯಾಂಡಲ್ ಲಾಕ್ ಆಗಿತ್ತು, ಕೀಲಿ ಹೆಡ್ ಮಾಸ್ತರ ಜೇಬಿನಲ್ಲಿತ್ತು, ಹೆಡ್ ಮಾಸ್ತರು ಬಸ್ಸಿನಲ್ಲಿ ಮಧುಗಿರಿಗೆ ಹೋಗಿದ್ದರು. ಅಂಗವಿಕಲ ಮಕ್ಕಳನ್ನು ಶಾಲೆಗೆ ಕರೆತರುವುದು ಹೇಗೆಂದು ಅಲ್ಲಿ ತರಬೇತಿಯಂತೆ.

ಅವ್ವ ನನ್ನನ್ನು ಎತ್ತಿಕೊಳ್ಳಲು ಬಗ್ಗಿದಳು. "ಬುಡವ್ವ" ಎಂದೆ. ಹತ್ತನೇ ತರಗತಿಯ ಹುಡುಗಿ ಮೊದಲ ದಿನವೇ ಎಲ್ಲರೆದುರು ಅವ್ವನ ಸೊಂಟದ ಮೇಲೆ ಕೂತು ಒಳಗೆ ಹೋಗಲೇ? ಸಾಯುವಷ್ಟು ನಾಚಿಕೆ. ಕುರ್ಚಿಯನ್ನು ಕಿಟಕಿಯ ಪಕ್ಕ, ಹುಣಸೆಮರದ ಕೆಳಗೆ ನಿಲ್ಲಿಸಿಕೊಂಡೆ.

ಒಳಗೆ ಹಾಜರಿ ಶುರುವಾಯಿತು. ಅವತ್ತಷ್ಟೇ ಕೆಲಸಕ್ಕೆ ಸೇರಿದ್ದ ಅತಿಥಿ ಶಿಕ್ಷಕಿ ಒಂದೊಂದೇ ನಂಬರ್ ಕೂಗುತ್ತಿದ್ದರು. ಆರಕ್ಕೆ "ಎಸ್ ಮಿಸ್" ಬಂತು. ಏಳಕ್ಕೆ ಯಾರೂ ಓಗೊಡಲಿಲ್ಲ. "ಏಳು" ಎಂದು ಮತ್ತೆ ಕೂಗಿದರು. ಇಲ್ಲ. ಮೂರನೇ ಸಲವೂ ಇಲ್ಲ. ಯಾರಪ್ಪ ಇವಳು, ಕಾಲು ಗಟ್ಟಿಯಿದ್ದೂ ಶಾಲೆಗೆ ಚಕ್ಕರ್ ಹೊಡೆಯುವ ಸೋಮಾರಿ, ಎಂದು ನನಗೆ ಒಳ್ಳೆಯ ಸಿಟ್ಟೇ ಬಂತು.

ನಮ್ಮೂರಿನ ಹುಡುಗಿಯೊಬ್ಬಳು ಕಿಟಕಿಯಿಂದ ಮುಖ ತೂರಿಸಿದಳು. "ಲೇ, ಏಳ್ನೇ ನಂಬರ್ ನಿಂದೇ ಕಣೇ!"

ಎರಡು ವರ್ಷದಿಂದ ನನ್ನದಾಗಿದ್ದ ನಂಬರನ್ನು ನಾನು ಕೇಳಿದ್ದು ಅದೇ ಮೊದಲು. ಕೂಗಿಕೊಳ್ಳುವಷ್ಟರಲ್ಲಿ ಶಿಕ್ಷಕಿ ಗೈರು ಎಂದು ಬರೆದಾಗಿತ್ತು. ಪಾಪ, ಹೊರಗೆ ಓಡಿಬಂದರು, ಸ್ಕೂಟರನ್ನು ತಳ್ಳಿನೋಡಿದರು, ಅದು ಮಿಸುಕಲಿಲ್ಲ. ಪೆನ್ನಿನಲ್ಲಿ ಬರೆದದ್ದನ್ನು ತಿದ್ದಲು ಅವರಿಗೆ ಭಯ. ಆ ದಿನದ ಗಣಿತವನ್ನು ನಾನು ಕಿಟಕಿಯ ಹೊರಗೇ ಕೂತು ಬರೆದುಕೊಂಡೆ. ಮಧ್ಯಾಹ್ನ ಬಿಸಿಲು ಮರದ ಕೆಳಕ್ಕೂ ಬಂದ ಮೇಲೆ ಮನೆಗೆ ವಾಪಸಾದೆವು.

ಮಾರನೇ ದಿನ ಮತ್ತೆ ಹೋದೆವು. ಸ್ಕೂಟರು ಅಲ್ಲೇ ಇತ್ತು. ಅದರ ಪಕ್ಕ ಹೆಡ್ ಮಾಸ್ತರು ಹಾಜರಿ ಪುಸ್ತಕವನ್ನು ಎದೆಗವಚಿಕೊಂಡು, ಮನೆಯಲ್ಲಿ ಸಾವಾದವರಂತೆ ನಿಂತಿದ್ದರು.

"ಎರಡು ವರ್ಷ ಒಂದ್ ಚುಕ್ಕೆ ಇಲ್ದಂಗೆ ಕಾಪಾಡ್ಕಂಡ್ ಬಂದಿದ್ದೆ ಕಣಮ್ಮ. ನಿನ್ನೆ ನೀನು ಬಂದು ಎಲ್ಲಾ ಹಾಳ್ ಮಾಡ್ಬುಟ್ಟೆ."

ಅವ್ವ ಕೇಳಿದಳು: "ಬಂದಿದ್ಕೆ ಯಾರಾನ ಗೈರು ಹಾಕ್ತಾರಾ ಸಾ?"

"ಬರ್ದಲೇ ಇದ್ದಿದ್ರೆ ನಾನು ಹಾಜರ್ ಹಾಕ್ತಿರ್ಲಿಲ್ವೇನಮ್ಮ!"

ಆ ಮನುಷ್ಯನ ಕಣ್ಣಲ್ಲಿ ನಿಜಕ್ಕೂ ನೋವಿತ್ತು. ಅದೇ ನನಗೆ ತಡೆಯಲಾಗಲಿಲ್ಲ. ಕೆಟ್ಟವರಾಗಿದ್ದರೆ ಬೈದು ಹಗುರಾಗುತ್ತಿದ್ದೆ. ಅವರು ಜೇಬಿನಿಂದ ವೈಟ್ನರ್ ತೆಗೆದರು. "ಇರ್ಲಿ ಬುಡು ತಲ್ಲಿ, ಸರಿ ಮಾಡ್ತೀನಿ."

"ಅದನ್ನ ತಿದ್ಬ್ಯಾಡಿ ಸಾ" ಎಂದೆ. "ಸ್ಕೂಟರ್ ತೆಗೀರಿ."

ಅವ್ವ ಸೆರಗಿನೊಳಗಿಂದ ಕುಂಕುಮ ಮೆತ್ತಿದ ಜೆರಾಕ್ಸ್ ಹೊರತೆಗೆದಳು. ಅವರು ಅದನ್ನು ಓದಲಿಲ್ಲ, ಕುಂಕುಮ ನೋಡಿ ಗಾಬರಿಯಾದರು. ಆಮೇಲೆ ಕೀಲಿ ತಿರುಗಿಸಿ, ಸ್ಕೂಟರನ್ನು ಹಿಂದಕ್ಕೆ ಇಳಿಸಿ, ಬಿಸಿಲಿನಲ್ಲಿ ನಿಲ್ಲಿಸಿದರು.

ತರಗತಿಯಲ್ಲಿ ಮುಂದಿನ ಬೆಂಚನ್ನು ಎಳೆದು ನನ್ನ ಕುರ್ಚಿಗೆ ಜಾಗ ಮಾಡಿದ್ದರು. ಹಾಜರಿ ಶುರುವಾಯಿತು. ಆರು ಆಯಿತು. "ಏಳು" ಎಂದರು. ಇಷ್ಟು ದಿನ ನನ್ನ ಪರವಾಗಿ ಇನ್ನೊಬ್ಬರ ಪೆನ್ನೇ ಮಾತಾಡಿತ್ತು. ಶಿಕ್ಷಕಿ ಪೆನ್ನೆತ್ತಿ ಹಿಡಿದು ಕಾದರು.

"ಎಸ್ ಮಿಸ್!" ಎಂದು ಕಿರುಚಿಯೇಬಿಟ್ಟೆ. ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ, ಕಣ್ಣೊರೆಸಿಕೊಂಡೆ.

ಸಂಜೆ ಹೊರಗೆ ಬಂದಾಗ ಅವ್ವ ರಾಂಪಿನ ನಟ್ಟನಡುವೆ ಕಾಲು ಚಾಚಿಕೊಂಡು ಕೂತಿದ್ದಳು. ಮತ್ತೆ ಯಾರಾದರೂ ಗಾಡಿ ತಂದು ನಿಲ್ಲಿಸಿಯಾರೆಂದು ಬೆಳಗ್ಗೆಯಿಂದ ಅಲ್ಲಿಂದ ಎದ್ದಿರಲೇ ಇಲ್ಲವಂತೆ.