ಮಂಗಳ ಮುಗಿಯೂತನ

ಅಂವ ನನ್ನ ಬಾಗಿಲಿಗಿ ಬಂದು, ಚಪ್ಪಲಿ ಬಿಟ್ಟು, ಕೈ ಮುಗದು ನಿಂದರಬೇಕು. ಇಷ್ಟೇ ನನ್ನ ಹಟ. ದೇವರ ಮುಂದ ಕುಂತಾಗ ಮಂದಿ ಮಕ್ಕಳು ಮರಿ ಚಂದ ಇರ್ಲಿ ಅಂತ ಬೇಡ್ಕೋತಾರ, ನಾ ಇದನ್ನ ಬೇಡ್ಕೋತಿದ್ದೆ. ಪಾಪ ಬರ್ತದ ಅಂತ ಗೊತ್ತಿತ್ತು. ಬರ್ಲಿ ಬಿಡು, ಅದನ್ನೂ ನೋಡ್ಕೊಂಡ್ರಾತು ಅಂದಿದ್ದೆ.

ಅಂವ ಅಂದ್ರ ನಮ್ಮ ಖೂಬಾ ಪ್ಲಾಟಿನ ಗುಡಿ ಕಮಿಟಿ ಅಧ್ಯಕ್ಷ. ಸೇಡಂ ರಸ್ತೆದಾಗ ದೊಡ್ಡ ಟೈಲ್ಸ್ ಅಂಗಡಿ ಅದ. ಸಣ್ಣಾಂವ ಇದ್ದಾಗ ನಮ್ಮ ಹಿತ್ತಲದ ಪೇರಲ ಗಿಡ ಹತ್ತಿ ನನ್ನ ಕೈಲೆ ಬೈಸಿಕೊಂಡಾಂವ. ಈಗ ಬಿಳಿ ಅಂಗಿ, ಹಣಿತುಂಬ ವಿಭೂತಿ.

ಗುಡಿ ಬಾಜೂಕಿನ ಹಾಲಿನಾಗ ಸೋಮವಾರ ಸಂಜಿಕ ನಾವು ಹೆಣ್ಮಕ್ಕಳು ಭಜನಿ ಮಾಡ್ತಿದ್ದಿವಿ. ತಾಳ ಹಿಡೀತಿದ್ದಾಕಿ ನನ್ನ ಗೆಳತಿ, ಮುಸಲ್ಮಾನರಾಕಿ. ಓಣಿಯವರೆಲ್ಲ ಅಕಿಗಿ ಆಪಾ, ಅಂದ್ರ ಅಕ್ಕ, ಅಂತಾರ. ಕಮಲಾಪುರದಾಗ ನಮ್ಮಿಬ್ಬರ ತವರುಮನಿ ಒಂದೇ ಓಣ್ಯಾಗ. ನಮ್ಮವ್ವ ಹಾಡೋದು ಕೇಳಿ ಕೇಳಿ ಇಬ್ರೂ ಕಲ್ತಿವಿ. ನಮ್ಮವ್ವ ಸಾಯೋ ಮುಂದ ತನ್ನ ಕಂಚಿನ ತಾಳ ನನಗ ಕೊಡಲಿಲ್ಲ, ಅಕಿಗಿ ಕೊಟ್ಟಳು. ‘ನಿನಗ ಸಿಟ್ಟು ಭಾಳ, ನಿನ್ನ ಕೈಯಾಗ ತಾಳ ನಿಂದರಂಗಿಲ್ಲ’ ಅಂದಳು. ಆವಾಗ ನನಗ ಹೊಟ್ಟಿ ಉರದಿತ್ತು.

ಲಗ್ನ ಆಗಿ ಇಬ್ರೂ ಕಲಬುರಗಿಗೇ ಬಂದಿವಿ. ಅಕಿ ಮನಿ ನಮ್ಮ ಹಿತ್ತಲ ಗ್ವಾಡಿ ಆಕಡಿ. ನಮ್ಮ ಮನಿಯವರು ಕೊರೊನಾದಾಗ ಹೋದರು. ನಮ್ಮವರೊಳಗ ಯಾರರೆ ಹೋದ್ರ ಹೆಣ ಕುಂಡ್ರಿಸಿ, ಮುಂದ ಭಜನಿ ಮಾಡಿ, ಮಂಗಳ ಹಾಡಿ ಕಳಸ್ತಾರ. ಅವರನ್ನ ಕುಂಡ್ರಿಸೋರೂ ಇಲ್ಲ, ಹಾಡೋರೂ ಇಲ್ಲ, ದವಾಖಾನಿಯಿಂದ ಸೀದಾ ಒಯ್ದರು. ಓಣಿಯಾಗ ಒಂದು ಬಾಗಿಲ ತೆರೀಲಿಲ್ಲ. ನಾ ಹಿತ್ತಲದಾಗ ಒಬ್ಬಾಕಿನೇ ಕುಂತಿದ್ದೆ. ಗ್ವಾಡಿ ಆಕಡಿಯಿಂದ ಸಣ್ಣಗ ತಾಳ ಕೇಳಸ್ತು. ಅಕಿ ಬಾರಿಸಲಾಕತ್ತಿದ್ದಳು. ನಾ ಅಳಕೋತ ಹಾಡಿದೆ, ಮಂಗಳ ಮುಗಿಯೂತನ ಅಕಿ ಬಿಡಲಿಲ್ಲ. ಅವತ್ತಿನಿಂದ ನನಗ ದೇವರು ಅಂದ್ರ ಆ ಸಪ್ಪಳ. ಯಾರರೆ ನಗಲಿ, ನನಗೇನು.

ಅಂಥಾ ತಾಳದ ಮ್ಯಾಲ ಇಂವ ಕೈ ಹಾಕಿದ. ಒಂದು ಸೋಮವಾರ ಭಜನಿ ನಡೆದಾಗ ಕಮಿಟಿಯವರ ಜೋಡಿ ಬಂದು ನಿಂತ. ‘ಅಕ್ಕಾರೆ, ಕಾಲ ಮೊದಲಿನಂಗಿಲ್ಲ. ಮಂದಿ ಕೇಳ್ತಾರ. ಇನ್ನ ಮ್ಯಾಲ ಭಜನ್ಯಾಗ ನಮ್ಮವರಷ್ಟೇ ಇರ್ಲಿ,’ ಅಂದ. ಮಾತು ನನ್ನ ಜೋಡಿ, ಕಣ್ಣು ಫ್ಯಾನಿನ ಮ್ಯಾಲ. ಅಕಿ ಕಡಿ ಒಮ್ಮಿನೂ ನೋಡಲಿಲ್ಲ. ಸತ್ತು ಗೋರಿಯಾಗ ಇದ್ದವರಿಗೂ ಇಷ್ಟು ತಾತ್ಸಾರ ಮಾಡಂಗಿಲ್ಲ ಯಾರೂ.

ಅಕಿ ತಾಳ ವಸ್ತ್ರದಾಗ ಸುತ್ತಿಕೊಂಡು ಎದ್ದಳು. ‘ಜಾನೇ ದೇ ಅಕ್ಕಾ, ಹೋಗ್ಲಿ ಬಿಡು. ನನ್ನ ಸಲುವಾಗಿ ಜಗಳ ಬ್ಯಾಡ,’ ಅಂದಳು. ಅಕಿದು ಯಾವಾಗಲೂ ಇದೇ ಮಾತು. ರೇಷನ್ ಅಂಗಡ್ಯಾಂವ ಕಡಿಮಿ ತೂಗಿದ್ರೂ ಜಾನೇ ದೇ, ಸೊಸಿ ಎದುರು ಮಾತಾಡಿದ್ರೂ ಜಾನೇ ದೇ. ನಾ ಬಿಡಾಕಿ ಅಲ್ಲ. ‘ಇಕಿ ನಿಮ್ಮಾಕಿ ಅಲ್ಲಂದ್ರ ನಾನೂ ಅಲ್ಲಪಾ,’ ಅಂತ ಎದ್ದು ಬಂದೆ. ಉಳದವರು ಎದ್ದೇಳಲಿಲ್ಲ. ಮನಿಗಿ ಬಂದು ಅತ್ತೆ. ದುಃಖಕ್ಕಲ್ಲ, ಸಿಟ್ಟಿಗಿ.

ಸಿಟ್ಟು ಇಳೀಲಿ ಅಂತ ಕಮಲಾಪುರಕ್ಕ ಹೋದೆ. ಬಸ್ಸು ಮಹಾಗಾಂವ ದಾಟೂತನ ಒಳಗೊಳಗೇ ಬೈಕೋತ ಹೋದೆ, ಬಾಜೂಕ ಕುಂತಾಕಿ ನನ್ನ ಮಾರಿ ನೋಡಿ ಬ್ಯಾರೆ ಸೀಟಿಗಿ ಹೋದಳು. ಊರಾಗ ಗೆಳತಿ ಅಣ್ಣ ಸಿಕ್ಕ. ಅವನಿಗಿ ಏನೂ ಗೊತ್ತಿಲ್ಲ. ತೋಟದ ಕೆಂಪು ಬಾಳಿಹಣ್ಣು ಚೀಲ ತುಂಬ ತಂದು ಕೊಟ್ಟ. ‘ಸೋಮವಾರ ಪ್ರಸಾದಕ್ಕ ಒಯ್ಯವ್ವಾ, ತಂಗಿ ಕೈಯಾಗ ಕೊಡು,’ ಅಂದ. ಭಜನಿ ಇಲ್ಲಣ್ಣಾ, ನಿನ್ನ ತಂಗಿಗಿ ಎಬ್ಬಿಸಿ ಕಳಿಸ್ಯಾರ ಅಂತ ಯಾವ ಬಾಯಿಲೆ ಹೇಳ್ಲಿ? ಚೀಲ ತಗೊಂಡು ಬಂದೆ. ಬಂದಾಕಿನೇ ಅಕಿಗಿ ಅಂದೆ, ‘ಸೋಮವಾರ ನಮ್ಮ ಪಡಸಾಲ್ಯಾಗ ಭಜನಿ. ಬರಲಿಲ್ಲಂದ್ರ ನಿನ್ನ ಜೋಡಿ ಮಾತು ಬಿಡ್ತೀನಿ.’

ಮೊದಲನೇ ಸೋಮವಾರ ಇಬ್ರೇ ಇದ್ದಿವಿ. ಗುಡಿ ಕಡಿ ಕಿಟಕಿ ಬೇಕಂತಲೇ ತೆರದಿಟ್ಟೆ. ಆಕಡಿ ಹಾಲಿನಾಗ ಅಂವ ದೊಡ್ಡ ಸ್ಪೀಕರ್ ತಂದು ರೆಕಾರ್ಡ್ ಭಜನಿ ಹಚ್ಚಿದ್ದ. ಎರಡನೇ ವಾರ ಗ್ವಾಡಿ ಹಿಡಕೋತ ಒಬ್ಬಾಕಿ ಬಂದಳು. ಯಾರು? ಅವನ ಸ್ವಂತ ತಾಯಿ. ‘ಆ ಡಬ್ಬಿ ಜೋಡಿ ನಾ ಹ್ಯಾಂಗ ಹಾಡ್ಲಿ? ನಮಗ ನುಡಿ ಬಿಟ್ಟುಕೊಡಂಗಿಲ್ಲ, ತನ್ನಷ್ಟಕ್ಕ ತಾನೇ ಒದರ್ತದ,’ ಅಂದಳು. ನಾ ಅಕಿಗಿ ಕಿಟಕಿ ಬಾಜೂಕೇ ಕುಂಡ್ರಿಸಿದೆ. ಪ್ರೀತಿಲೆ ಅಲ್ಲ, ಸುಳ್ಳ್ಯಾಕ ಹೇಳ್ಲಿ? ಅಕಿ ದನಿ ದೊಡ್ಡದು. ಮಗನ ಕಿವಿಗಿ ಮುಟ್ಟಲಿ ಅಂತ.

ಹಂಗ ಒಬ್ಬೊಬ್ಬರೇ ಬಂದರು. ಅವತ್ತು ಎದ್ದೇಳದೆ ಕುಂತವರು ಆಪಾನ ಬಾಜೂಕ ಬಂದು ಕೈ ಹಿಡಕೊಂಡು ಕುಂತರು. ಅಕಿ ಸರದು ಜಾಗಾ ಕೊಟ್ಟಳು. ನಾ ಬೈದೆ, ಚಾ ಕುಡಿಯೂತನ ಬೈದೆ.

ಶ್ರಾವಣದ ಒಂದು ಸೋಮವಾರ ಹಾಲಿಗಿ ಯಾರೋ ದೊಡ್ಡ ಮನಷಾ ಬರಾಂವ ಇದ್ದ. ಬ್ಯಾನರ್ ಕಟ್ಟಿದರು, ಕುರ್ಚಿ ಹಾಕಿದರು. ‘ನಮ್ಮ ಮಾತೆಯರ ಭಜನಿ’ ಅಂತ ಮೈಕಿನಾಗ ಮುಂಜಾನಿಂದ ಸಾರಿದರು. ಮಾತೆಯರು ಎಲ್ಲಾರೂ ನಮ್ಮ ಪಡಸಾಲ್ಯಾಗ.

ನಾವು ಮಂಗಳ ಎತ್ತಿದ್ದಿವಿ. ನಮ್ಮಲ್ಲಿ ಮಂಗಳ ಸುತ್ತ ಹಾಡ್ತೀವಿ, ಒಬ್ಬೊಬ್ಬರು ಒಂದೊಂದು ನುಡಿ. ಮಂಗಳ ಎತ್ತಿದ ಮ್ಯಾಲ ಕುಂತವರು ಏಳಂಗಿಲ್ಲ, ಬಂದವರು ಕೈ ಮುಗದು ಅಲ್ಲೇ ನಿಂದರಬೇಕು. ಮಂಗಳ ಮುಗಿಯೋದು ತಾಳ ನಿಂತಾಗ. ಅಷ್ಟರಾಗ ಅಂವ ಓಡಿ ಬಂದ, ಬೆವತಿದ್ದ. ‘ಅವ್ವಾ, ಲಗೂ ನಡೀರಿ ಎಲ್ಲಾರೂ, ಅವರ ಗಾಡಿ ಬಂದದ,’ ಅಂದ. ಅವನ ತಾಯಿ ಹಾಡು ಬಿಡಲಿಲ್ಲ, ಬಟ್ಟು ಮಾಡಿ ಅವನ ಚಪ್ಪಲಿ ತೋರಿಸಿದಳು. ಅಂವ ಹೊಸ್ತಿಲ ಹೊರಗ ಚಪ್ಪಲಿ ಬಿಟ್ಟ. ಕೈ ಮುಗದ. ನಿಂತ.

ನನ್ನ ಹೊಟ್ಟಿ ತಣ್ಣಗಾತು. ನನ್ನ ಪಾಳಿ ಬಂದಾಗ ನುಡಿನ ಎಷ್ಟು ಎಳೀಬೇಕೋ ಅಷ್ಟು ಎಳದೆ. ಅವನ ಕಿಸೆದಾಗ ಫೋನು ಒದರಿ ಒದರಿ ಸುಮ್ಮನಾತು. ಎಲ್ಲಾರ ನುಡಿ ಮುಗದವು. ಇನ್ನ ಅಕಿ ತಾಳ ನಿಲ್ಲಸ್ತಾಳ, ಅಕಿ ಮೆತ್ತನ ಮನಸಿನಾಕಿ, ಜಾನೇ ದೇ ಅಂತಾಳ ಅಂತ ನನಗ ಸಂಕಟ ಆಗಲಾಕತ್ತಿತ್ತು.

ಅಕಿ ನಿಲ್ಲಿಸಲಿಲ್ಲ. ಕಣ್ಣು ಮುಚ್ಚಿಕೊಂಡು ಬಾರಿಸಲಾಕತ್ತಿದ್ದಳು. ಹೊರಗ ಗಾಡಿ ಚಾಲೂ ಆದ ಸಪ್ಪಳ ಕೇಳಸ್ತು, ದೂರ ಹೋತು. ಅಂವ ಬಾಗಿಲಾಗ ಸಣ್ಣಾಗಿ ನಿಂತಿದ್ದ. ನನ್ನ ಹಟ ಪೂರಾ ಆಗಿತ್ತು. ಸಾಕು ಬಿಡು ಅಂತ ಅಕಿ ಮೊಣಕಾಲು ಮುಟ್ಟಿದೆ. ಅಕಿ ನನ್ನ ಕೈ ಸರಿಸಿದಳು. ಆಗ ಅಕಿ ಮಾರಿ ನೋಡಿದೆ. ಕಣ್ಣೀರು ಗದ್ದಕ್ಕ ಇಳದಿತ್ತು. ಇಷ್ಟು ದಿನ ಸಿಟ್ಟು ನನಗೊಬ್ಬಾಕಿಗೇ ಅದ ಅಂತ ತಿಳಕೊಂಡಿದ್ದೆ ನಾ.

‘ಆಪಾ,’ ಅಂದ ಅಂವ. ಮೊದಲನೇ ಸಲ ಅಕಿ ಕಡಿ ನೋಡಿದ. ‘ನಿಲ್ಲಿಸ್ರಿ ಆಪಾ. ತಪ್ಪಾತು.’

ಅಕಿ ಕಣ್ಣು ತೆರದಳು. ಇಷ್ಟು ವರ್ಷ ಎಲ್ಲಾರ ನುಡಿಗೂ ತಾಳ ಹಾಕಿದಾಕಿ, ತಾನು ಒಂದು ನುಡಿ ಹಾಡಿದಾಕಿ ಅಲ್ಲ. ‘ನನ್ನ ನುಡಿ ಉಳದದರೀ,’ ಅಂದಳು.

ಹಾಡಿದಳು. ನಮ್ಮವ್ವನ ಧಾಟಿ, ನಮ್ಮವ್ವನ ಮಾತು, ಒಂದಕ್ಷರ ಬಿಡಲಿಲ್ಲ. ಅಂವ ಕೈ ಮುಗದು ನಿಂತೇ ಇದ್ದ. ಕಡೀ ಸಾಲಿಗಿ ಎಲ್ಲಾರಿಗಿಂತ ಮೊದಲು ದನಿ ಕೂಡಿಸಿದಾಕಿ ಅವನ ತಾಯಿ.